ಮೂಲೆ ಕಪಾಟಿಗೆ ಎರಡು ಕ್ರೇಟು

ಹೊಸ ಅಡುಗೆಮನೆಯಲ್ಲಿ ನನಗೆ ಹಿಡಿಸದೆ ಹೋದದ್ದು ಒಂದೇ, ಆ ಮೂಲೆ. ಗ್ಯಾಸ್ ಒಲೆ ಇಟ್ಟ ಕಟ್ಟೆ ಒಂದು ಗೋಡೆಗೆ, ಪಾತ್ರೆ ತೊಳೆಯುವ ಕಟ್ಟೆ ಇನ್ನೊಂದು ಗೋಡೆಗೆ. ಎರಡೂ ಸೇರುವ ಕಡೆ ಕೆಳಗೊಂದು ಕಪಾಟು. ಬಾಗಿಲು ನೋಡಿದರೆ ಮೊರದಷ್ಟು ಅಗಲ, ಒಳಗೆ ಕರು ಕಟ್ಟಬಹುದು. ಬಾಗಿಲ ಎದುರಿಗಿಟ್ಟದ್ದು ಕೈಗೆ ಸಿಗುತ್ತದೆ. ಪಕ್ಕಕ್ಕೆ ತಿರುಗಿ ಹೋಗುವ ಭಾಗದಲ್ಲಿಟ್ಟದ್ದು ಹೋದ ಹಾಗೆಯೇ.

ಅಡುಗೆಮನೆ ಹೀಗಿರಲಿ ಎಂದು ಹೇಳಿ ಕಟ್ಟಿಸಿದವಳು ಸೊಸೆ. ಮಂಜೂರು ಕಡೆಯ ಹೆಣ್ಣು, ಕುನ್ನೂರಿನ ಪಕ್ಕದ ವೆಲ್ಲಿಂಗ್ಟನ್ನಿನಲ್ಲಿ ಆಫೀಸು ಕೆಲಸ. ಬೆಳಿಗ್ಗೆ ಬಸ್ಸು ಹಿಡಿದರೆ ಬರುವುದು ಸಂಜೆಗೆ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಅನುಮಾನ. ಆ ಮೂಲೆಯ ಸಲುವಾಗಿ ಮನಸ್ಸಿನಲ್ಲೇ ಅವಳನ್ನು ಬೈದುಕೊಂಡು ಒಂದು ವರ್ಷ ಕಳೆದೆ.

ತಪ್ಪು ನನ್ನದೂ ಇತ್ತು. ಹಳೆಯ ಮನೆಯಲ್ಲಿ ಸೌದೆ ಒಲೆಯ ಮೇಲೆ ಅಟ್ಟ ಇತ್ತು. ವರ್ಷಕ್ಕಾಗುವ ಅವರೆ, ರಾಗಿ, ಬೀಜದ ಗಂಟು ಎಲ್ಲ ಅಲ್ಲೇ. ಹೊಗೆ ತಾಗಿ ಹುಳ ಸುಳಿಯುತ್ತಿರಲಿಲ್ಲ. ಹೊಸದರಲ್ಲಿ ಅಟ್ಟವಿಲ್ಲ, ಅದಕ್ಕೆ ಅಟ್ಟದ ಸಾಮಾನನ್ನೆಲ್ಲ ತಂದು ಆ ಮೂಲೆಗೆ ತುರುಕಿದೆ. ನೆಲದ ಮೂಲೆಗೆ ಹೊಗೆ ಎಲ್ಲಿಂದ ಬರಬೇಕು? ಮಂಜು ಕವಿದ ತಿಂಗಳಲ್ಲಿ ಮೂಟೆಯಲ್ಲಿದ್ದ ಅವರೆಗೆ ಬೂಷ್ಟು ಹಿಡಿಯಿತು. ಚೆನ್ನಾಗಿ ಉಳಿದದ್ದು ತಗಡಿನ ಡಬ್ಬದಲ್ಲಿದ್ದಷ್ಟೇ. ಆ ಡಬ್ಬ ಇದ್ದದ್ದು ಒಳಗೆ, ಆಚೆ ತುದಿಯಲ್ಲಿ.

ಅದಕ್ಕೂ ಮುಂಚೆ ಒಮ್ಮೆ ನಾನು ಬಚ್ಚಲಲ್ಲಿ ಜಾರಿ ಮೊಣಕಾಲು ಕೆಡಿಸಿಕೊಂಡಿದ್ದೆ. ಆಗಲೇ ಮಗ ಹೇಳಿಬಿಟ್ಟಿದ್ದ, ಇನ್ನೊಂದು ಸಲ ಬಿದ್ದರೆ ಅಡುಗೆಮನೆಗೆ ಕಾಲಿಡಬಾರದು, ಮಧ್ಯಾಹ್ನದ ಊಟ ಪಕ್ಕದ ಮನೆಯಿಂದ ತರಿಸುತ್ತೇನೆ ಎಂದು. ಪಕ್ಕದ ಮನೆಯವಳ ಕೈರುಚಿ ನನಗೆ ಗೊತ್ತು. ಅದಾದರೂ ಹೇಗೋ ಉಣ್ಣಬಹುದು. ಆದರೆ ಟೀ ತೋಟಕ್ಕೆ ಹೋಗಿ ಎಲೆ ಕೀಳುವುದು ನಿಂತಿತ್ತು, ಹಸುಗಳನ್ನು ಕೊಟ್ಟಾಗಿತ್ತು. ಒಲೆಯೂ ಹೋದರೆ ಬೆಳಿಗ್ಗೆ ಎದ್ದು ನಾನು ಮಾಡುವುದೇನು?

ಅದು ಶನಿವಾರ. ಮಗ ಎಲೆ ಹಾಕಲು ಫ್ಯಾಕ್ಟರಿಗೆ ಹೋಗಿದ್ದ. ಅವರೆ ಉದಕದ ಸಾರು ಮಾಡೋಣವೆಂದು ಆ ಡಬ್ಬ ತೆಗೆಯಲು ಹೊರಟೆ. ದಿನವೂ ಮಾಡುತ್ತಿದ್ದ ಹಾಗೆ ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ, ತಲೆ ಭುಜ ಒಳಗೆ ತೂರಿಸಿ, ಕೊಕ್ಕೆ ಕೋಲಿನಿಂದ ಡಬ್ಬ ಎಳೆದೆ. ಡಬ್ಬ ಬಂತು. ಮೊಣಕಾಲು ಹಿಡಿದುಕೊಂಡಿತು. ಹಿಂದಕ್ಕೆ ಬರಲಾಗಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದೆನೋ. ಜಿರಳೆಯೊಂದು ಬಂದು ನನ್ನನ್ನು ನೋಡಿ ಹೋಯಿತು.

ಬಾಗಿಲು ತೆಗೆದ ಸದ್ದಾಯಿತು. ಅರ್ಧ ದಿನದ ಕೆಲಸ ಮುಗಿಸಿ ಬಂದಿದ್ದಳು ಸೊಸೆ. ಅವಳಿಗೆ ಕಂಡದ್ದು ಕಪಾಟಿನಿಂದ ಹೊರಗಿದ್ದ ನನ್ನ ಎರಡು ಕಾಲು.

“ಮಾಮಿ, ನಿಂಗ ಅಲ್ಲಿ ಏನ ಹುಡುಕೋದು?”

“ಅವರೆ.”

“ಸಿಕ್ಕಿತಾ?”

“ಸಿಕ್ಕಿತು. ಕಾಲು ಬರೋದಿಲ್ಲೆ.”

ಅವಳು ನಗಲಿಲ್ಲ, ಕೂಗಾಡಲೂ ಇಲ್ಲ. ಸೊಂಟ ಹಿಡಿದು ಮೆಲ್ಲಗೆ ಎಳೆದಳು. ಗೋಡೆಗೆ ಒರಗಿಸಿ ಕೂರಿಸಿ, ಎಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕಿದಳು. ನಾನು ನೇರವಾಗಿಯೇ ಕೇಳಿದೆ, ಮಗನಿಗೆ ಹೇಳುತ್ತೀಯಾ ಎಂದು.

“ಮೊದಲು ಆ ಮೂಲೆ ಖಾಲಿ ಮಾಡುವ ಮಾಮಿ,” ಎಂದಳು.

ಮಗ ಬಂದಾಗ ನೆಲದ ತುಂಬ ಡಬ್ಬ, ಗಂಟು, ಕಂಚಿನ ಪಾತ್ರೆ. ಇದೇನು ಸಂತೆ ಎಂದ. ಕಪಾಟನ್ನು ತಾನೇ ಸರಿಯಾಗಿ ಮಾಡಿಸಿರಲಿಲ್ಲ, ಈಗ ಸರಿ ಮಾಡುತ್ತಿದ್ದೇನೆ ಎಂದಳು ಅವಳು. ಅದೂ ಸುಳ್ಳಲ್ಲ. ಆದರೂ ನನ್ನ ಬದಲು ಅವಳು ಮಾತು ಕೇಳಿಸಿಕೊಂಡಳು. ಅವನು ಹೇಳಿದ್ದು ಕಡಿಮೆಯೇನಲ್ಲ.

ಮಾರನೆಯ ದಿನ ತರಕಾರಿ ತುಂಬುವ ಎರಡು ಪ್ಲಾಸ್ಟಿಕ್ ಕ್ರೇಟು ತಂದಳು. ಕೆತ್ತಿ ಊರಿನ ಕಡೆ ತರಕಾರಿ ಬೆಳೆಯುವವರ ಮನೆಯಲ್ಲಿ ಅವಕ್ಕೆ ಬರವಿಲ್ಲ. ಅಡಿಗೆ ಚಿಕ್ಕ ಗಾಲಿ ಹಾಕಿಸಿ, ಒಂದರ ಹಿಂದೆ ಒಂದನ್ನು ಹಗ್ಗದಲ್ಲಿ ಕಟ್ಟಿದಳು. ಮುಂದಿನದನ್ನು ಎಳೆದರೆ ಹಿಂದಿನದು ಹಸುವಿನ ಹಿಂದೆ ಕರು ಬಂದ ಹಾಗೆ ಮೂಲೆಯಿಂದ ಬಾಗಿಲಿಗೆ ಬರಬೇಕು. ಬರಲಿಲ್ಲ. ಮೂಲೆಯಲ್ಲೇ ಸಿಕ್ಕಿಕೊಂಡು ನಿಂತಿತು. ಈ ಗಾಲಿಗೆ ನೇರ ಹೋಗುವುದು ಬಿಟ್ಟು ಬೇರೆ ಗೊತ್ತಿಲ್ಲ, ಬಚ್ಚಲಲ್ಲಿ ಬಿದ್ದಾಗ ಆಸ್ಪತ್ರೆಯಲ್ಲಿ ನನ್ನನ್ನು ತಳ್ಳಿಕೊಂಡು ಹೋದ ಮಂಚದ ಗಾಲಿ ಎಲ್ಲ ಕಡೆಗೂ ತಿರುಗುತ್ತಿತ್ತು ಎಂದೆ. ಅವಳು ನನ್ನ ಮುಖ ನೋಡಿದಳು. ಸೋಮವಾರ ಕುನ್ನೂರಿನಲ್ಲಿ ಇಳಿದು ಅಂಥವೇ ತಂದಳು.

ಯಾವುದು ದಿನಾ ಬೇಕು ಎಂದು ಒಂದೊಂದನ್ನೂ ಎತ್ತಿ ತೋರಿಸಿ ಕೇಳಿದಳು. ದಿನದ್ದು ಮುಂದಿನ ಕ್ರೇಟಿಗೆ, ವಾರದ್ದು ಹಿಂದಿನದಕ್ಕೆ. ನೆಂಟರು ಬಂದಾಗಿನ ದೊಡ್ಡ ಪಾತ್ರೆ ಕೋಣೆಯ ಮಂಚದ ಅಡಿಗೆ. ವರ್ಷದ ಕಾಳು ಇನ್ನು ಆ ಮೂಲೆಗಿಲ್ಲ, ಬಿಸಿಲು ಬೀಳುವ ಕೋಣೆಗೆ. ಕ್ರೇಟಿನ ತುಂಬ ತೂತು, ಗಾಳಿ ಆಡುತ್ತದೆ, ಬೂಷ್ಟು ಬರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಹಗ್ಗ ಎಳೆಯುತ್ತೇನೆ, ಕಾಲಿನಿಂದ ಒಳಗೆ ತಳ್ಳುತ್ತೇನೆ. ಇಷ್ಟೇ.

ಅವಳು ಹೇಳದೆ ಉಳಿಸಿದ್ದನ್ನು ಮಗನಿಗೆ ನಾನೇ ಹೇಳಿದೆ. ಸೊಸೆ ನನಗಾಗಿ ಬೈಸಿಕೊಂಡದ್ದು ನನಗೆ ಸರಿಬರಲಿಲ್ಲ. ಒಂದು ಭಾನುವಾರ, ಊಟಕ್ಕೆ ರಾಗಿ ಹಿಟ್ಟಿನ ಮುದ್ದೆ ಕೂಡಿಸುತ್ತಾ, ಕಪಾಟಿನೊಳಗೆ ತೂರಿದ್ದು, ಸಿಕ್ಕಿಕೊಂಡದ್ದು, ಇವಳು ಎಳೆದದ್ದು ಎಲ್ಲ ಹೇಳಿದೆ. ಇಬ್ಬರ ಮೇಲೂ ರೇಗಿದ. ಕಪಾಟಿನ ಬಾಗಿಲು ತೆಗೆದು, ಹಗ್ಗ ಹಿಡಿದು ಎಳೆದ, ತಳ್ಳಿದ, ಮತ್ತೆ ಎಳೆದ. ಒಳಗೆ ಬಗ್ಗಿ ನೋಡಿದ.

“ಹಿಟ್ಟು ಆಯ್ತಾ, ಅವ್ವೆ?” ಎಂದ.

ಪಕ್ಕದ ಮನೆಯ ಊಟದ ಮಾತು ಮತ್ತೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಗಂಡಸರಿಗೇ ಮೊದಲು ಬಡಿಸುವುದು, ನಾನೂ ಹಾಗೇ ಬಡಿಸಿಕೊಂಡು ಬಂದವಳು. ಆ ದಿನ ಮೊದಲ ಹಿಟ್ಟು ಸೊಸೆಯ ತಟ್ಟೆಗೆ ಹಾಕಿದೆ.