ಕರಗುವ ದಾರ

"ಡಾಕ್ಟರ್ ಬಾಯಾರ, ಒಂದ ಸಾಲು ಹೊಲದೀರೋ, ಎರಡೋ?"

ಬಾಗಲಕೋಟೆಯ ದವಾಖಾನೆಯಲ್ಲಿ ಹೆಂಡತಿಯ ಹೊಟ್ಟೆ ಕೊಯ್ದು ಮಗುವನ್ನು ತೆಗೆದು ಹೊರಬಂದ ಡಾಕ್ಟರಮ್ಮನಿಗೆ ನಾನು ಅಡ್ಡ ನಿಂತೆ.

"ಗರ್ಭಚೀಲಕ್ಕ ಎರಡು ಸಾಲು, ಒಂದರ ಮ್ಯಾಲೊಂದು. ದಾರ ತಾನ ಕರಗತೈತಿ."

ನಾನು ಇಳಕಲ್ಲಿನ ನೇಕಾರ. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವವನು. ಕೊಂಡಿ ಬಿಟ್ಟರೆ ಸೀರೆಯೇ ಹೋಯಿತು.

"ನಮ್ಮ ಮಗ್ಗದಾಗ ಇದು ನಡ್ಯಂಗಿಲ್ರಿ. ಕರಗಿದ ಮ್ಯಾಲೆ ಹಿಡಿಯೋರ್ಯಾರು?"

"ಗಾಯ ಕೂಡಿ ಆಕಿ ಮೈನ ಹಿಡೀತೈತೋ ತಮ್ಮಾ. ನಿನ್ನ ಸೀರಿಗೆ ಆ ತಾಕತ್ತಿಲ್ಲ. ಆದ್ರ ಮುಂದಿನ ಹೆರಿಗಿ ಮನ್ಯಾಗ ಬ್ಯಾಡ. ಬ್ಯಾನಿಗೆ ಗಾಯ ಬಿಚ್ಚಬಹುದು."

ಮೂರು ವರ್ಷದ ಮೇಲೆ ಎರಡನೇ ಹೆರಿಗೆಯ ಬೇನೆ ಬಂದಾಗ ಅವ್ವ ಸೂಲಗಿತ್ತಿಯನ್ನು ಕರೆಸಿದಳು. ನಾನು ಹೆಂಡತಿಯನ್ನು ಬಾಗಲಕೋಟೆ ಬಸ್ಸು ಹತ್ತಿಸಿದೆ. ಹುನಗುಂದ ದಾಟಿದರೂ ನನ್ನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. ದವಾಖಾನೆಯಲ್ಲಿ ಎರಡನೇ ಮಗುವನ್ನೂ ತೆಗೆದು ಹೊರಬಂದ ಡಾಕ್ಟರಮ್ಮ ಹೇಳಿದರು, ಹಳೆಯ ಗಾಯ ಬಿಚ್ಚಿರಲಿಲ್ಲ. ಇನ್ನು ಹೇಳುವುದೇನೂ ಇಲ್ಲ.