ಮಗ್ಗದ ಕೈ, ವಿಮಾನದ ಹಿಡಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ವಿಮಾನ ಕಲಿಯಲು ಹೋಗಿದ್ದೂ ಅರ್ಧ ಸಿಟ್ಟಿನಿಂದಲೇ. ಜಮಖಂಡಿಯ ಕೋರ್ಟಿನಲ್ಲಿ ನಾನು ಸ್ಟೆನೋ. ಒಂದು ದಿನ ಊಟದ ಹೊತ್ತಿನಲ್ಲಿ ಹೊಸ ಸುದ್ದಿ ಬಂತು. ಮುಧೋಳದ ಆಚೆ, ಬೀಳಗಿ ದಾರಿಯಲ್ಲಿ, ಕಬ್ಬಿನ ಹೊಲಗಳ ನಡುವೆ ಯಾರೋ ಸಣ್ಣ ರನ್‌ವೇ ಮಾಡಿದ್ದಾರಂತೆ, ಇಬ್ಬರು ಕೂರುವ ಪುಟ್ಟ ವಿಮಾನ ಹಾರಿಸುವುದನ್ನು ಹವ್ಯಾಸಕ್ಕೆ ಕಲಿಸುತ್ತಾರಂತೆ. “ನಾನೂ ಕಲೀಬೇಕ್ರಿ” ಎಂದೆ. ಪಕ್ಕದ ಟೇಬಲ್ಲಿನ ಗುಮಾಸ್ತರು ರೊಟ್ಟಿ ಮುರಿಯುತ್ತ, “ಅಕ್ಕಾರ, ನಲವತ್ತ ದಾಟೇತಿ. ಇನ್ನ ಹಾರೂದೇನ ಉಳದೈತ್ರಿ?” ಎಂದು ಗಹಗಹಿಸಿ ನಕ್ಕರು. ನಾನು ಡಬ್ಬಿಯ ಮುಚ್ಚಳ ಹಾಕಿ ಎದ್ದೆ. ಆ ಭಾನುವಾರವೇ ಬನಹಟ್ಟಿಯ ನಮ್ಮ ಮನೆಯಿಂದ ಬಸ್ಸು ಹಿಡಿದು ಹೋದೆ.

ಕಲಿಸುವವರು ವಾಯುಪಡೆಯಿಂದ ನಿವೃತ್ತರಾದವರು. ಬೆಳಗಾವಿ ಕಡೆಯವರು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕಲಿಯುವವರೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಅವರು ನನ್ನ ವಯಸ್ಸಿನ ಮಾತೇ ಎತ್ತಲಿಲ್ಲ. ಡಾಕ್ಟರರು ಕೊಟ್ಟ ಸರ್ಟಿಫಿಕೇಟು ನೋಡಿದರು, ಹೆಡ್‌ಫೋನು ಕೈಗೆ ಕೊಟ್ಟರು, ಆಯಿತು. ಶೆಡ್ಡಿನ ನೆರಳಿನಲ್ಲಿ ಒಂದು ಮುಧೋಳ ನಾಯಿ ಮಲಗಿತ್ತು. ರನ್‌ವೇ ಮೇಲೆ ಬೆಳ್ಳಕ್ಕಿ ಇಳಿದರೆ ಓಡಿಸುವುದು ಅದರ ನೌಕರಿ. ನನ್ನನ್ನು ಒಮ್ಮೆ ನೋಡಿ, ಇವಳು ಹಕ್ಕಿಯಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಮಲಗಿತು.

ಮೊದಲ ಸಲ ಮೇಲೇರಿದಾಗ ನನಗೆ ಹೆದರಿಕೆಯೇ ಆಗಲಿಲ್ಲ, ಖರೆ ಹೇಳುತ್ತೇನೆ. ಕಬ್ಬಿನ ಹಸಿರು ಕೆಳಗೆ ಸರಿಯಿತು. ದೂರದಲ್ಲಿ ಅನಗವಾಡಿಯ ಕಡೆ ನದಿಯ ನೀರು ಹೊಳೆಯಿತು. ಬಸ್ಸಿನಲ್ಲಿ ಕುಲುಕಾಡಿ ಸೊಂಟ ನೋಯಿಸಿಕೊಂಡು ದಾಟುತ್ತಿದ್ದ ನೆಲವೆಲ್ಲ ಎಷ್ಟು ಸಣ್ಣದು! “ಯಪ್ಪಾ, ಎಷ್ಟ ಛಂದ ಐತ್ರಿ!” ಎಂದು ಕೂಗಿದೆ. ಸರ್ ತಮ್ಮ ಹೆಡ್‌ಫೋನನ್ನು ಕಿವಿಯಿಂದ ಸರಿಸಿ, “ಮೆಲ್ಲಕ ಮಾತಾಡ್ರಿ ಅಕ್ಕಾರ, ಮಗ್ಗುಲದಾಗs ಅದೇನಿ” ಎಂದರು. ನಾನೇನು ಮಾಡಲಿ? ಪಾವರ್‌ಲೂಮಿನ ಓಣಿಯಲ್ಲಿ ಹುಟ್ಟಿದವರು ಮೆಲ್ಲಗೆ ಮಾತಾಡಿದರೆ ಮನೆಯಲ್ಲಿ ಊಟವೇ ಸಿಗುವುದಿಲ್ಲ.

ತಿರುಗಿಸುವುದು, ಇಳಿಸುವುದು, ಎಲ್ಲ ಮೆಲ್ಲಗೆ ಕೈಗೆ ಹತ್ತಿತು. ತೊಡಕು ಬಂದಿದ್ದು ಬೇರೆ ಕಡೆಯಿಂದ.

ಆ ವಿಮಾನದಲ್ಲಿ ಕಲಿಯುವವರ ಎಡಗೈಗೆ ಒಂದು ಹಿಡಿ ಇರುತ್ತದೆ, ಥ್ರಾಟಲ್ ಎನ್ನುತ್ತಾರೆ; ಅದಕ್ಕೆ ಕೂಡಿದ ಇನ್ನೊಂದು ಹಿಡಿ ಸರ್ ಕಡೆಗೂ ಇದೆ. ಮುಂದಕ್ಕೆ ತಳ್ಳಿದರೆ ಎಂಜಿನ್ನಿಗೆ ಬಲ, ಹಿಂದಕ್ಕೆ ಎಳೆದರೆ ಬಲ ಇಳಿಯುತ್ತದೆ. ಒಂದು ಭಾನುವಾರ ನೆಲ ಬಿಟ್ಟು ಏರುತ್ತಿದ್ದಾಗ ಬಿಸಿಗಾಳಿಯ ಒಂದು ಕುಲುಕು ಬಂತು. ಎಂಜಿನ್ನಿನ ದನಿ ಚೂರು ಇಳಿಯಿತು, ಅಷ್ಟೇ. ನನ್ನ ಎಡಗೈ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದುಬಿಟ್ಟಿತು. ಎಂಜಿನ್ನಿನ ದನಿ ಅಡಗಿತು, ಕಬ್ಬಿನ ತುದಿಯ ಸೂಲಂಗಿ ಹೂ ಕಣ್ಣಿಗೇ ಬಂತು. ಸರ್ ತಮ್ಮ ಹಿಡಿಯನ್ನು ಮುಂದಕ್ಕೆ ಒತ್ತಿದರು, ನನ್ನದೂ ಕೈ ಸಮೇತ ಮುಂದೆ ಹೋಯಿತು. ವಿಮಾನ ಮತ್ತೆ ಏರಿತು. ಒಂದು ಸುತ್ತು ಹಾಕಿ ಇಳಿಯುವವರೆಗೂ ಅವರು ತಮ್ಮ ಹಿಡಿ ಬಿಡಲಿಲ್ಲ.

ಇಳಿದ ಮೇಲೆ ಕೇಳಿದರು. “ಎಂಜಿನ್ ಕೆಟ್ಟಿತ್ತೇನ್ರಿ?”

“ದನಿ ಬದಲಾತ್ರಿ ಸರ್.”

“ಗಾಳಿ ಕುಲುಕಿದ್ರ ದನಿ ಬದಲಾಗತೈತಿ. ನೆಲ ಇನ್ನೂ ಕಾಲಬುಡಕ ಇದ್ದಾಗ ಬಲ ತಗದ್ರ ಏನಾಗತೈತಿ?”

“ಬೀಳತೈತ್ರಿ.”

“ಗೊತ್ತಿದ್ದೂ ಎಳದ್ರಿ?”

“ನಾ ಎಳೀಲಿಲ್ರಿ ಸರ್. ಕೈ ಎಳೀತು.”

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಬೇಕು. ಮುಂದಿನ ಭಾನುವಾರ ಮತ್ತೆ ಹಾಗೆಯೇ ಆಯಿತು. ಅದರ ಮುಂದಿನ ಭಾನುವಾರವೂ. ಗಾಳಿ ಸರಿ ಇಲ್ಲ ಎಂದು ಒಮ್ಮೆ ಗೊಣಗಿದ್ದಕ್ಕೆ, “ಕುಣೀಲಾರದಾಕಿ ನೆಲ ಡೊಂಕ ಅಂದಳಂತ” ಎಂದು ಅವರು ಚುಚ್ಚಿದರು. ನನಗೆ ಮೈ ಉರಿಯಿತು. ಉರಿದು ಏನು ಮಾಡುವುದು, ಅವರು ಹೇಳಿದ್ದು ಸರಿಯಾಗಿತ್ತು.

ಕೈಗೆ ಆ ರೋಗ ಎಲ್ಲಿಂದ ಬಂತು ಎನ್ನುವುದು ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ನಮ್ಮ ಮನೆಯ ಪಾವರ್‌ಲೂಮ್ ಮಗ್ಗವನ್ನು ನಿಲ್ಲಿಸುವ ಹಿಡಿಯೂ ಎಡಗೈಯ ಕಡೆಗೇ ಇದೆ. ಅದನ್ನೂ ಹಿಂದಕ್ಕೇ ಎಳೆಯಬೇಕು.

ನಮ್ಮ ಮನೆಯ ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನ ಅಂಕಣದಲ್ಲಿ ಒಲೆ. ಸಣ್ಣವಳಿದ್ದಾಗ ಸಾಲಿ ಮುಗಿಸಿ ಬಂದರೆ ನಾನು ಮಗ್ಗದ ಮುಂದೆ ನಿಲ್ಲಬೇಕಿತ್ತು. ನೇಯುವಾಗ ಹಾಸಿನ, ಅಂದರೆ ಉದ್ದ ನೂಲಿನ, ಒಂದು ಎಳೆ ಹರಿದರೆ ಅದು ಪಕ್ಕದ ಎಳೆಗಳಿಗೆ ತೊಡರುತ್ತದೆ, ಅಡ್ಡ ನೂಲು ಒಯ್ಯುವ ಲಾಳಿ ಅದಕ್ಕೆ ತಾಗುತ್ತ ಓಡುತ್ತದೆ, ಮಗ್ಗದ ದನಿಯಲ್ಲಿ ಒಂದು ಚೂರು ಫರಕು ಬೀಳುತ್ತದೆ. ಹೊರಗಿನವರಿಗೆ ಅದು ಬರೀ ಖಟಕ್ ಖಟಕ್. ನಮಗೆ ಹಾಗಲ್ಲ. ಫರಕು ಕಿವಿಗೆ ಬಿದ್ದರೆ ಕೈ ಹಿಡಿಗೆ ಹೋಗಬೇಕು, ಮಗ್ಗ ನಿಲ್ಲಬೇಕು, ಎಳೆ ಕೂಡಿಸಬೇಕು. ಯೋಚನೆ ಮಾಡುತ್ತ ನಿಂತರೆ ಅಷ್ಟರಲ್ಲಿ ಸೀರೆಯಲ್ಲಿ ನೇಯ್ಗೆ ತಪ್ಪಿ ಕಲೆ ಬಿದ್ದಿರುತ್ತದೆ. ನಾನು ತಡ ಮಾಡಿದಾಗಲೆಲ್ಲ ಅವ್ವ ಬಂದು ಬೆರಳ ಗೆಣ್ಣಿನ ಮೇಲೆ ಬಾರಿಸಿ, “ಯಾಕ ನಿಂದ್ರಸಲಿಲ್ಲ?” ಎನ್ನುತ್ತಿದ್ದಳು. ನನ್ನ ಬಾಲ್ಯದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಅದು. ಊಟ ಮಾಡಿದಿಯಾ ಎಂದು ಕೂಡ ಅವ್ವ ಅಷ್ಟು ಸಲ ಕೇಳಿರಲಿಕ್ಕಿಲ್ಲ.

ಸರ್‌ಗೆ ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು ಅವರು ಮೊದಲ ಸಲ ನಕ್ಕರು. ಆಮೇಲೆ ನಗು ನಿಲ್ಲಿಸಿ ಕಡ್ಡಿ ಮುರಿದಂತೆ ಹೇಳಿದರು. “ನೋಡ್ರಿ ಅಕ್ಕಾರ, ಯುಗಾದಿ ದಾಟಿದ್ರ ಬಿಸಲ ಏರತೈತಿ, ಗಾಳಿ ಕುದೀತೈತಿ, ಹೊಸಬರನ್ನ ಒಬ್ಬರನ್ನs ಬಿಡಂಗಿಲ್ಲ. ಅಷ್ಟರಾಗ ಆ ಕೈ ಸುಮ್ನಿದ್ರ ನಾ ಇಳೀತೇನಿ, ನೀವೊಬ್ಬರ ಹಾರ್ರಿ. ಇರಲಿಲ್ಲಂದ್ರ ಇದನ್ನ ಬಿಟ್ಟಬಿಡ್ರಿ. ಸಾಯೋ ಕೆಲಸ ಇದು.”

“ಹುಟ್ಟಗುಣ ಸುಟ್ರೂ ಹೋಗಂಗಿಲ್ಲ ಅಂತಾರಲ್ರಿ ಸರ್.”

“ಇದು ಹುಟ್ಟಗುಣ ಅಲ್ರಿ, ಕಲ್ತ ಗುಣ. ಕಲ್ತದ್ದನ್ನ ಬಿಡಾಕ ಬರತೈತಿ. ದನಿ ಬದಲಾತಂದ್ರ ಮೊದಲ ವಿಮಾನದ ಮೂಗ ನೋಡ್ರಿ, ಆಮ್ಯಾಲ ವೇಗ, ಆಮ್ಯಾಲ ಎಂಜಿನ್ ಮೀಟರು. ಇಷ್ಟ ನೋಡಿದ ಮ್ಯಾಲ ಕೈ.”

ಮೂಗು, ವೇಗ, ಮೀಟರು, ಆಮೇಲೆ ಕೈ. ವಾರವಿಡೀ ಕೋರ್ಟಿನಲ್ಲಿ ಟೈಪು ಮಾಡುತ್ತ ಅದನ್ನೇ ಗುನುಗಿದೆ. ಗುನುಗಿದರೆ ಕೈಗೆ ತಿಳಿಯುತ್ತದೆಯೇ? ಕೈಗೆ ಕಲಿಸಿದ್ದು ಮಗ್ಗ, ಮರೆಸುವುದೂ ಮಗ್ಗದ ಮುಂದೆಯೇ ಆಗಬೇಕು ಎಂದು ನಿರ್ಧಾರ ಮಾಡಿದೆ. ಅವ್ವನ ಹತ್ತಿರ ಹೋಗಿ, ಅವಳ ಕಿವಿ ಮಂದವಾದ್ದರಿಂದ ಜೋರಾಗಿ ಹೇಳಿದೆ. “ಯವ್ವಾ, ನಾ ಮಗ್ಗ ನಡಸ್ತೇನಿ. ನನಗ ಗೊತ್ತಾಗಧಂಗ ನೀ ಹಿಂದ ನಿಂತ ಎಳಿ ಕತ್ತರಸು. ನಾ ನಿಂದ್ರಸಂಗಿಲ್ಲ.”

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

“ಹುಚ್ಚ ಹಿಡದೈತೇನ ನಿನಗ? ಹಾಸಿನ ಎಳಿಗೆ ಕತ್ತರಿ ಹಾಕ ಅಂತಿ! ಹರದ ಎಳಿ ಮ್ಯಾಲ ಮಗ್ಗ ಓಡಸೂದಂದ್ರ ಏನಂತ ತಿಳದಿ? ನಮ್ಮ ಮನ್ಯಾಗ ಯಾರರ ಮಾಡ್ಯಾರೇನ ಅಂಥಾದ್ದನ್ನ?”

“ಇಲ್ಲಂದ್ರ ನಾ ಒಬ್ಬಾಕಿನs ಹಾರಾಕ ಆಗಂಗಿಲ್ಲ ಬೇ.”

“ಹಾರಬ್ಯಾಡ! ಯಾರ ಹಾರ ಅಂದಾರ?”

ಎರಡು ದಿನ ಮನೆಯಲ್ಲಿ ಇದೇ ಜಗಳ. ನಾನೂ ಬಿಡಲಿಲ್ಲ, ಅವಳ ಮಗಳೇ ಅಲ್ಲವೇ. ಮೂರನೆಯ ದಿನ ಸಂಜೆ ಕೋರ್ಟಿನಿಂದ ಬಂದಾಗ ಅವ್ವ ಮಗ್ಗದ ಹಿಂದೆ ಕತ್ತರಿ ಹಿಡಿದು ನಿಂತಿದ್ದಳು. ಮುಖ ಮಾತ್ರ ಸುಟ್ಟ ಬದನೆಕಾಯಿ. “ಒಂದs ಸೀರಿ” ಎಂದಳು. “ಒಂದ ಸೀರಿ ಹೋಗಲಿ. ಅದರಾಗ ಕಲ್ತರ ಕಲಿ, ಇಲ್ಲಂದ್ರ ಬಿಡು.”

ನಾನು ಮಗ್ಗ ಶುರು ಮಾಡಿ ಎಡಗೈಯನ್ನು ಹಿಡಿಯ ಮೇಲಿಟ್ಟೆ. ಅವ್ವ ಎಳೆ ಕತ್ತರಿಸಿದಳು. ದನಿ ಬದಲಾಗುತ್ತಿದ್ದಂತೆ ಕೈ ಮಗ್ಗ ನಿಲ್ಲಿಸಿಬಿಟ್ಟಿತ್ತು. ಮತ್ತೆ ಶುರು, ಮತ್ತೆ ಕತ್ತರಿ, ಮತ್ತೆ ಕೈ. ಥೂ! ನನ್ನದೇ ಕೈಯನ್ನು ಕಚ್ಚಬೇಕು ಅನ್ನಿಸಿತು. ಹಲ್ಲು ಕಚ್ಚಿ ಜೋರಾಗಿ ಹೇಳತೊಡಗಿದೆ. ಮೂಗು, ವೇಗ, ಮೀಟರು, ಆಮೇಲೆ ಕೈ. ಪೂರ್ತಿ ಹೇಳಿ ಮುಗಿಸುವ ತನಕ ಕೈ ಅಲುಗಬಾರದು ಎಂದು ಪಣ ತೊಟ್ಟೆ. ಸಂಜೆಗಳು ಹೋದವು, ಸೀರೆ ಉದ್ದವಾಯಿತು, ಕಲೆಗಳೂ ಉದ್ದವಾದವು. ಪ್ರತಿ ಸಲ ಮಗ್ಗ ನಿಲ್ಲಿಸಿ ನೋಡಿದರೆ ಅವ್ವ ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದಳು. ಅದನ್ನು ನೋಡಿಯೂ ನಾನು ಸಾಕು ಎನ್ನಲಿಲ್ಲ. ಸೆರಗು ನೇಯುವ ಹೊತ್ತಿಗೆ ದನಿ ಕೆಟ್ಟರೂ ನಾನು ನಾಲ್ಕೂ ಮಾತು ಹೇಳಿ ಮುಗಿಸಿ, ಆಮೇಲೆ ನನ್ನ ಇಷ್ಟದಂತೆ ಮಗ್ಗ ನಿಲ್ಲಿಸುತ್ತಿದ್ದೆ.

ಮುಂದಿನ ಭಾನುವಾರಗಳಲ್ಲಿ ಸರ್ ಬೇಕೆಂದೇ ಪರೀಕ್ಷೆ ಮಾಡಿದರು. ಸಾಕಷ್ಟು ಎತ್ತರದಲ್ಲಿದ್ದಾಗ ಹೇಳದೆ ಕೇಳದೆ ತಮ್ಮ ಕಡೆಯ ಹಿಡಿಯಿಂದ ದನಿ ಏರಿಳಿಸಿದರು. ನನ್ನ ಕೈ ಎಳೆಯಲಿಲ್ಲ. ಯುಗಾದಿಗೆ ಮುಂಚಿನ ಕಡೆಯ ಭಾನುವಾರ ಬೆಳಿಗ್ಗೆ ಬರಲು ಹೇಳಿ, “ಮನ್ಯಾಗ ಯಾರರ ಇದ್ರ ಕರಕೊಂಬರ್ರಿ” ಎಂದರು. ಅಂದರೆ ಆ ದಿನ ಅವರು ಇಳಿಯುತ್ತಾರೆ.

ಅವ್ವ ಬರುತ್ತೇನೆಂದಳು. ಬೆಳಿಗ್ಗೆ ನೋಡಿದರೆ ಅದೇ ಸೀರೆ ಉಟ್ಟಿದ್ದಾಳೆ. ಎದೆಯ ಮೇಲೆ, ನಿರಿಗೆಯಲ್ಲಿ, ಸೆರಗಿನಲ್ಲಿ, ಎಲ್ಲೆಲ್ಲೂ ಕಲೆ. “ಇದನ್ಯಾಕ ಉಟ್ಟಿ ಬೇ?” ಎಂದೆ. “ಯಾರ ತಗೋತಾರ ಇದನ್ನ? ನಾನs ಉಡಬೇಕಲ್ಲ” ಎಂದಳು. ಬಸ್ಸಿನಲ್ಲಿ ಬನಹಟ್ಟಿಯ ಹೆಂಗಸರು ಆ ಸೀರೆಯನ್ನೂ ಅವ್ವನ ಮುಖವನ್ನೂ ತಿರುಗಿ ತಿರುಗಿ ನೋಡಿದರು. ನೇಕಾರರ ಊರಿನಲ್ಲಿ ಅಂಥ ಸೀರೆ ಉಟ್ಟು ಹೊರಗೆ ಬರುವುದು ಸಣ್ಣ ಮಾತಲ್ಲ. ಅವ್ವ ಸೆರಗು ಹೊದ್ದು ನೆಟ್ಟಗೆ ಕೂತಿದ್ದಳು.

ಸರ್ ಜೊತೆ ಒಂದೆರಡು ಸುತ್ತು ಹಾರಿ ಇಳಿದೆ. ಎಂಜಿನ್ ಓಡುತ್ತಿದ್ದಂತೆಯೇ ಅವರು ತಮ್ಮ ಬಾಗಿಲು ತೆರೆದರು. “ಒಂದs ಸುತ್ತ. ಹೋಗಿ ಬರ್ರಿ” ಎಂದು ಇಳಿದು, ಬಾಗಿಲು ಹಾಕಿ, ಶೆಡ್ಡಿನ ಕಡೆಗೆ ನಡೆದರು. ಅಲ್ಲಿ ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು, ನಾಯಿ ಪಕ್ಕದಲ್ಲಿ. ನಾನು ಹಿಡಿ ಮುಂದಕ್ಕೆ ಒತ್ತಿದೆ. ಸರ್ ಭಾರ ಇಲ್ಲದ ವಿಮಾನ ನಾನು ಎಣಿಸಿದ್ದಕ್ಕಿಂತ ಮೊದಲೇ ನೆಲ ಬಿಟ್ಟಿತು.

ಅಷ್ಟರಲ್ಲಿ ಶುರುವಾಯಿತು. ಟಪ್, ಟಪ್, ಟಪಟಪಟಪ. ಬಲಗಡೆಯಿಂದ, ಜೋರಾಗಿ, ಏನೋ ಮುರಿದು ಬಡಿಯುತ್ತಿರುವ ಹಾಗೆ. ಕೆಳಗೆ ಕಬ್ಬು ಇನ್ನೂ ಹತ್ತಿರವೇ ಇತ್ತು. ನನ್ನ ಎಡಗೈಯ ನರಗಳೆಲ್ಲ ಹಿಂದಕ್ಕೆ ಜಗ್ಗಿದವು. ನಾನು ಸತ್ತೆ ಅಂದುಕೊಂಡೆ. ಬಾಯಿ ಮಾತ್ರ ತಾನೇ ಕೂಗಿತು. ಮೂಗು! ಮೂಗು ಸರಿಯಾಗಿದೆ. ವೇಗ! ವೇಗ ಇದೆ. ಮೀಟರು! ಎಂಜಿನ್ನಿನ ಮುಳ್ಳು ಇದ್ದಲ್ಲೇ ಇದೆ, ಅಲುಗುತ್ತಿಲ್ಲ. ಕೈ?

ಕೈ ಅಲ್ಲೇ ಇರಲಿ.

ಟಪಟಪ ನಿಲ್ಲಲಿಲ್ಲ. ಬಡಕೋ, ಎಷ್ಟು ಬೇಕಾದರೂ ಬಡಕೋ ಎಂದು ಬೈಯುತ್ತ ಏರಿದೆ, ತಿರುಗಿದೆ, ರನ್‌ವೇಗೆ ಸಮನಾಗಿ ಹಾರಿದೆ. ಮತ್ತೆ ತಿರುಗಿ, ಇಳಿಸುವ ಜಾಗ ಬಂದಾಗ ನಾನೇ, ನನ್ನ ಮನಸ್ಸಿನಿಂದ, ಮೆಲ್ಲಗೆ ಹಿಡಿಯನ್ನು ಹಿಂದಕ್ಕೆ ತಂದೆ. ಚಕ್ರ ಒಮ್ಮೆ ಪುಟಿದು ನೆಲ ಕಚ್ಚಿತು. ಎಂಜಿನ್ ನಿಲ್ಲಿಸಿದ ಮೇಲೆ ಬಗ್ಗಿ ನೋಡಿದೆ. ಸರ್ ಇಳಿಯುವಾಗ ಅವರ ಸೀಟಿನ ಬೆಲ್ಟು ಬಾಗಿಲಿನಾಚೆ ಉಳಿದುಹೋಗಿತ್ತು. ಅದರ ಕೊಂಡಿ ಗಾಳಿಗೆ ವಿಮಾನದ ಮೈಯನ್ನು ಬಡಿದಿತ್ತು.

ಸರ್ ಬಂದರು. ಒಬ್ಬರೇ ಅಲ್ಲ. ಅವ್ವ ತನ್ನ ಎಡಗೈಯಿಂದ ಅವರ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದು ಜೊತೆಗೇ ಬರುತ್ತಿದ್ದಳು. ಒಂದು ಗುಂಡಿ ಕಿತ್ತು ನೇತಾಡುತ್ತಿತ್ತು. ಸರ್ ಬೆಲ್ಟು ನೋಡಿ ಮುಖ ಸಣ್ಣ ಮಾಡಿಕೊಂಡು, “ತಪ್ಪ ನಂದ್ರಿ ಅಕ್ಕಾರ” ಎಂದರು. ಆಮೇಲೆ ತೋಳಿನ ಕಡೆ ಕಣ್ಣು ತೋರಿಸಿ, “ಆ ದನಿ ಕೇಳಿದಾಗಿಂದ ಹಿಡದಾರ್ರಿ, ಬಿಡವಲ್ಲರು” ಎಂದರು. ಮಾತೂ ಸರಿಯಾಗಿ ಕೇಳಿಸದ ಅವ್ವನ ಕಿವಿಗೆ ಆ ದನಿ ಕೇಳಿತ್ತು.

ಅವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನಿಂದ್ರಸಲಿಲ್ಲಲ್ಲ?”

“ಇಲ್ಲ ಬೇ. ನಿಂದ್ರಸಲಿಲ್ಲ.”

“ಛಲೋ ಮಾಡಿದಿ” ಎಂದಳು ಅವ್ವ. ಆಗ ಸರ್ ತೋಳು ಬಿಟ್ಟಳು.