ಹಾಡುಗಾತಿಯಿಲ್ಲದ ಕೋರಾ

ಬ್ರಿಕಾಮಾ ಊರಿನ ಸಂಕುಂಗ್ ಕನುಟೆಗೆ ಬರುತ್ತಿದ್ದುದು ಎರಡೇ ವಿದ್ಯೆ. ಒಂದು, ಸೋರೆಬುರುಡೆಗೆ ತಂತಿ ಬಿಗಿದ ಕೋರಾ ನುಡಿಸುವುದು, ಇನ್ನೊಂದು ಹೆಂಡತಿಯ ಜೊತೆ ಜಗಳವಾಡುವುದು. ಎರಡರಲ್ಲೂ ನಲವತ್ತು ವರ್ಷದ ಸಾಧನೆ. ಹೆಂಡತಿ ನ್ಯಾಲಿಂಗ್ ಅವನ ಸೋದರಮಾವನ ಮಗಳು. ಚಿಕ್ಕಂದಿನಿಂದ ಒಂದೇ ಬಟ್ಟಲಿಗೆ ಕೈಯಿಟ್ಟು ಅನ್ನ ತಿಂದು ಬೆಳೆದವರು, ಹಾಗಾಗಿ ಗಂಡ ಎಂಬ ಭಯಭಕ್ತಿ ಅವಳ ಹತ್ತಿರವೂ ಸುಳಿದಿರಲಿಲ್ಲ. ಹೆಸರಿಡುವ ಮನೆಗಳಿಗೆ, ಮದುವೆ ಮನೆಗಳಿಗೆ ಇಬ್ಬರೂ ಹೋಗುತ್ತಿದ್ದರು. ಅವನು ನುಡಿಸುವನು, ಅವಳು ಆ ಮನೆಯ ಹಿರಿಯರನ್ನು ಹೆಸರು ಹಿಡಿದು ಹಾಡಿ ಹೊಗಳುವಳು. ಕನುಟೆ ಮನೆತನದ ಕಸುಬೇ ಅದು.

ಬೆಂಕಿ ಹಚ್ಚಿದ್ದು ಒಬ್ಬ ವ್ಯಾನ್ ಡ್ರೈವರ್. ಮದುವೆಯೊಂದರಿಂದ ವಾಪಸು ಕರೆತರುವಾಗ ಅವನು, "ನ್ಯಾಲಿಂಗಮ್ಮ, ನಿಮ್ಮ ಹಾಡು ಕೇಳಿ ಕಣ್ಣಲ್ಲಿ ನೀರು ಬಂತು ಕಣಮ್ಮಾ" ಎಂದ. ಅಷ್ಟಕ್ಕೇ ಸುಮ್ಮನಾಗಬಾರದೇ? ಸಂಕುಂಗನ ಕಡೆ ತಿರುಗಿ, "ನೀವು ಸೋರೆಬುರುಡೆ ಹೊರೋಕೆ ಬಂದಿದ್ರಾ ಅಜ್ಜಾ?" ಎಂದು ಕೇಳಿಬಿಟ್ಟ.

ಮನೆಯ ಅಂಗಳಕ್ಕೆ ಕಾಲಿಟ್ಟದ್ದೇ ತಡ, ಸಂಕುಂಗ್ ಸಿಡಿದ.

"ಇಪ್ಪತ್ತೊಂದು ತಂತಿ ಕಣೇ! ನಾಲ್ಕೇ ಬೆರಳಲ್ಲಿ ಅಷ್ಟನ್ನೂ ಆಡಿಸ್ತೀನಿ. ನಿಂದೇನು ದೊಡ್ಡಸ್ತಿಕೆ? ಒಂದು ಬಾಯಿ!"

"ಆ ಒಂದು ಬಾಯಿ ದೆಸೆಯಿಂದ್ಲೇ ಕಣೋ ನಿನ್ನ ಬಾಯಿಗೆ ಅನ್ನ ಬೀಳ್ತಿರೋದು. ನಾನಿಲ್ದೆ ನುಡಿಸಿ ನೋಡು, ಸೊಳ್ಳೆ ಕೂಡ ಕೂತು ಕೇಳಲ್ಲ."

"ಗುರುವಾರ ಸಾನೆಯವರ ಮನೇಲಿ ಹೆಸರಿಡೋದಿದೆಯಲ್ಲ? ಅಲ್ಲಿ ಒಬ್ಬನೇ ನುಡಿಸ್ತೀನಿ. ನೀನು ತುಟಿ ಪಿಟಕ್ಕೆನ್ನಬಾರದು. ಜನ ಎದ್ದು ಹೋದ್ರೆ ಕೋರಾನ ಮೊಳೆಗೆ ನೇತುಹಾಕಿಬಿಡ್ತೀನಿ, ಮತ್ತೆ ಮುಟ್ಟಲ್ಲ."

"ಕೂತು ಕೇಳಿದ್ರೆ?"

"ಕೋರಾನೇ ದೊಡ್ಡದು ಅಂತ ಮಾರ್ಕೆಟ್ ಮಧ್ಯೆ ನಿಂತು ನೀನು ಹೇಳ್ಬೇಕು."

"ಆಗ್ಲಿ. ಮೊಳೆ ನಾನೇ ತಂದಿಡ್ತೀನಿ" ಎಂದಳು ಪುಣ್ಯಾತ್ಗಿತ್ತಿ. ಮರುದಿನ ತಂದೂ ಇಟ್ಟಳು, ಅದೂ ಒಳ್ಳೇ ಉದ್ದದ್ದು.

ಗುರುವಾರ ಸಾನೆಯವರ ಅಂಗಳದಲ್ಲಿ ಮಗುವಿನ ತಲೆ ಬೋಳಿಸಿ, ಹೆಸರು ಕೂಗಿ, ಅಡಿಕೆಯ ಹಾಗೆ ಜಗಿಯುವ ಕೋಲಾ ಕಾಯಿ ಹಂಚಿ ಆಯಿತು. ಸಂಕುಂಗ್ ಚಾಪೆಯ ಮೇಲೆ ಕೂತು ಕೋರಾವನ್ನು ಎದೆಗೆ ಎದುರಾಗಿ ನಿಲ್ಲಿಸಿಕೊಂಡ. ನ್ಯಾಲಿಂಗ್ ಹೆಂಗಸರ ಜೊತೆ ಅನ್ನದ ಹಂಡೆಯ ಪಕ್ಕ ಸೌಟು ಹಿಡಿದು ಕೂತಿದ್ದಳು.

ಶುರು ಚೆನ್ನಾಗಿಯೇ ಆಯಿತು. ಸಾನೆಯವರ ಮನೆತನದ ಧಾಟಿ ಎತ್ತಿದ, ಜನ ತಲೆದೂಗಿದರು. ಆಮೇಲೆ ನೋಡಿ ಎಡವಟ್ಟಾದದ್ದು. ನ್ಯಾಲಿಂಗ್ ಹಾಡು ಎತ್ತುವ ಜಾಗ ಬರುತ್ತಲೇ ಅವನ ಬೆರಳುಗಳು ತಮ್ಮಷ್ಟಕ್ಕೆ ತಾವೇ ತಗ್ಗಿ, ಅದೇ ನಾಲ್ಕು ಸ್ವರಗಳನ್ನು ಸುತ್ತಿಸುತ್ತ ಕಾಯತೊಡಗಿದವು. ನಲವತ್ತು ವರ್ಷದ ಅಭ್ಯಾಸ, ಒಂದು ದಿನದಲ್ಲಿ ಬಿಡುತ್ತದೆಯೇ? ಸುತ್ತು ಹತ್ತಾಯಿತು, ಇಪ್ಪತ್ತಾಯಿತು.

"ಏನಯ್ಯಾ ಹೊಟ್ಟೆಬಾಕ, ಗಾಡಿ ತುಂಬ್ಲಿ ಅಂತ ಕಾಯ್ತಿದೀಯಾ? ಯಾವಾಗಪ್ಪಾ ಹೊರಡೋದು?" ಎಂದು ಕೂಗಿದ ಮಲಾಂಗ್. ಮಲಾಂಗನ ಊರಿಗೂ ಸಂಕುಂಗನ ಊರಿಗೂ ಅಜ್ಜಂದಿರ ಕಾಲದಿಂದ ತಮಾಷೆಯ ನಂಟು. ಅವನು ಏನೆಂದರೂ ಇವನು ಸಿಟ್ಟಾಗುವಂತಿಲ್ಲ, ಸಿಟ್ಟಾದರೆ ಊರಿಗೇ ಅವಮಾನ. ಸಂಕುಂಗ್ ಹಲ್ಲು ಕಿರಿದ. ಅಂಗಳವೆಲ್ಲ ನಕ್ಕಿತು. ಇಬ್ಬರು ಚಹಾದ ಒಲೆಯ ಕಡೆ ಎದ್ದು ಹೋದರು. ಅವರ ಹಿಂದೆ ಇನ್ನೊಬ್ಬ.

ಸಂಕುಂಗ್ ಹೆಂಡತಿಯತ್ತ ನೋಡಿದ. ಸೋತೆ, ಕಾಪಾಡು ಎಂಬ ನೋಟ ಅದು. ಅವಳು ತುಟಿ ಬಿಗಿಹಿಡಿದು ಹಂಡೆಯೊಳಗೆ ಇಣುಕಿದಳು. ಅವನಿಗೆ ಮೊಳೆ ಕಣ್ಣ ಮುಂದೆ ಬಂತು.

ಆಗ ಬಲಗೈಯ ತೋರುಬೆರಳು ಅವನನ್ನು ಕೇಳದೆಯೇ ಹೊರಟಿತು. ಮೊದಲು ತಗ್ಗಿನಲ್ಲಿ, ಮನಸ್ಸಿಲ್ಲದವರ ಹಾಗೆ. ಆಮೇಲೆ ಸ್ವರ ಏರುತ್ತಾ ಏರುತ್ತಾ ತುದಿಯಲ್ಲಿ ಒಂದಿಷ್ಟು ಒಡೆಯಿತು. ಹಿಂದೊಮ್ಮೆ ಜ್ವರ ಬಂದು ಹೋದಾಗಿನಿಂದ ನ್ಯಾಲಿಂಗಳ ದನಿ ಒಡೆಯುತ್ತಿದ್ದುದು ಸರಿಯಾಗಿ ಅಲ್ಲೇ. ಮುಂದೆ ಅವಳು ಸಾನೆಯವರ ಮುತ್ತಜ್ಜನ ಹೆಸರು ಹಾಡುವ ಜಾಗ. ಅದಾದ ಮೇಲಿನ ಹೆಸರು ಅವಳಿಗೆ ಯಾವಾಗಲೂ ಮರೆಯುತ್ತಿತ್ತು, ನೆನಪಾಗುವ ತನಕ ಮುತ್ತಜ್ಜನನ್ನೇ ಮೂರು ಸಲ ಎಳೆಯುವಳು. ಕೋರಾ ಕೂಡ ಮೂರು ಸಲ ಎಳೆಯಿತು.

"ಅಯ್ಯೋ, ಇದು ನ್ಯಾಲಿಂಗ್ ಕಣ್ರೇ!" ಎಂದಳು ಒಬ್ಬಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗುವಿನ ಅಜ್ಜಿ ಮುತ್ತಜ್ಜನ ಹೆಸರನ್ನು ತಂತಿಯ ಜೊತೆ ಗಟ್ಟಿಯಾಗಿ ಕೂಗಿ ಕಣ್ಣೊರೆಸಿಕೊಂಡಳು. ಚಹಾಕ್ಕೆ ಹೋದವರು ಲೋಟ ಹಿಡಿದುಕೊಂಡೇ ಓಡಿ ಬಂದು ಕೂತರು. ಕೊನೆಯ ತನಕ ಒಬ್ಬನೂ ಏಳಲಿಲ್ಲ. ಮಲಾಂಗ್ ಕೂಡ ಬಾಯಿ ಮುಚ್ಚಿಕೊಂಡಿದ್ದ!

ವಾಪಸು ಹೊರಟ ವ್ಯಾನಿನಲ್ಲಿ ಸಂಕುಂಗ್ ಎದೆ ಉಬ್ಬಿಸಿದ. "ಎಲ್ರೂ ಕೂತು ಕೇಳಿದ್ರು ತಾನೇ? ನಡಿ ಮಾರ್ಕೆಟ್‌ಗೆ."

"ಯಾಕೆ ಬರ್ಲಿ? ಅವರು ಕೇಳಿದ್ದು ನನ್ನ ಹಾಡು. ನಿನ್ನ ಬುರುಡೆಯೊಳಗಿಂದ ಬಂತು ಅಷ್ಟೆ. ಕಳ್ಳ!"

"ನುಡಿಸಿದ್ದು ಯಾರೇ?"

"ಕದ್ದಿದ್ದು ಯಾರೋ?"

ಡ್ರೈವರ್ ರೇಡಿಯೋದ ಸದ್ದು ಏರಿಸಿದ. ಈ ಸಲ ಅವನು ಯಾರನ್ನೂ ಹೊಗಳಲಿಲ್ಲ.

ಮನೆಗೆ ಬಂದ ಮೇಲೆ ನ್ಯಾಲಿಂಗ್ ಮಾತು ನಿಲ್ಲಿಸಿದಳು. ಸಂಕುಂಗನಿಗೆ ಅದೇ ಭಯ. ಅವಳು ಬೈದರೆ ತಡೆದುಕೊಳ್ಳಬಹುದು, ಸುಮ್ಮನಿದ್ದರೆ ಕಷ್ಟ. ಕೊನೆಗೆ ಅವಳೇ ಕೇಳಿದಳು:

"ಮೇಲಕ್ಕೆ ಹೋಗ್ತೀನಲ್ಲ, ಅಲ್ಲಿ ನನ್ನ ದನಿ ನಿಜವಾಗ್ಲೂ ಹಾಗೆ ಒಡೆಯುತ್ತಾ?"

"ಹೂಂ."

"ಕೇಳೋಕೆ ಕೆಟ್ಟದಾಗಿರುತ್ತಾ?"

ಅಣಕಿಸಲು ಇದಕ್ಕಿಂತ ಒಳ್ಳೇ ಸಮಯ ನಲವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಆದರೂ ಸಂಕುಂಗ್ ತಲೆಯಾಡಿಸಿದ. "ಇಲ್ಲ ಕಣೇ. ಅಲ್ಲಿಗೆ ಬಂದಾಗ ನಾನು ತಂತಿ ಮೆಲ್ಲಗೆ ಮೀಟ್ತೀನಿ. ಆ ಒಡಕು ಜನಕ್ಕೆ ಕೇಳಿಸ್ಲಿ ಅಂತ."

ನ್ಯಾಲಿಂಗ್ ಹೊದ್ದ ಬಟ್ಟೆಯ ಅಂಚಿನಲ್ಲಿ ಮೂಗು ಒರೆಸಿಕೊಂಡಳು. "ಆಯಸ್ಸೆಲ್ಲ ಹಾಡೋದ್ರಲ್ಲೇ ಕಳೆದೆ. ನಾನು ಹೇಗೆ ಹಾಡ್ತೀನಿ ಅಂತ ನಾನು ಕೇಳಿದ್ದು ಇವತ್ತೇ."

ಅವನ ಎದುರು ಚಾಪೆ ಹಾಸಿ ಕೂತಳು. "ಇನ್ನೊಂದು ಸಲ ನುಡಿಸು. ಮುತ್ತಜ್ಜನ್ನ ಮಾತ್ರ ಅಷ್ಟು ಎಳೀಬೇಡ."

"ನೀನು ಎಳೆದಷ್ಟೂ ನಾನೂ ಎಳೀತೀನಿ."

ಅವನು ಎಳೆದ. ಅವಳು ಬಾಯಿ ಬಿಡದೆ, ಕೊನೆಯ ತನಕ ಕೂತು ಕೇಳಿದಳು.